ಪ್ಲೇಗು ಬಂತು, ಬಡಾವಣೆ ಎದ್ದಿತು: ದಿವಾನ್ ಶೇಷಾದ್ರಿ ಅಯ್ಯರ್ ಕಥೆ

ಸೈಟು. ಈ ಎರಡಕ್ಷರಕ್ಕಾಗಿ ಬೆಂಗಳೂರಿನಲ್ಲಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ, ಹೆಂಡತಿ ಕೊರಳಿನ ಸರ ಗಿರವಿ ಅಂಗಡಿ ಸೇರಿದೆ, ಮಂತ್ರಿಗಳ ಕುರ್ಚಿ ಅಲ್ಲಾಡಿದೆ. ಸರ್ಕಾರವೇ ಊರಾಚೆ ಬಯಲು ಹಿಡಿದು, ಅಳೆದು, ಗೂಟ ಹೊಡೆದು, ನಂಬರು ಹಾಕಿ ಜನಕ್ಕೆ ಹಂಚುವ ಈ ಪದ್ಧತಿ ನೂರು ವರ್ಷಕ್ಕೂ ಮೀರಿ ಹಳೇದು. ಮೈಸೂರು ಸರ್ಕಾರದ ಕೈಯಲ್ಲಿದ್ದ ಬೆಂಗಳೂರಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿಸಿದವರು ಬೆಂಗಳೂರಿನವರಲ್ಲ. ಕನ್ನಡನಾಡಿನವರೂ ಅಲ್ಲ. ಮಲಬಾರಿನ ಪಾಲ್ಘಾಟ್ ಕಡೆಯ ತಮಿಳು ಬ್ರಾಹ್ಮಣ. ಹೆಸರು ಶೇಷಾದ್ರಿ ಅಯ್ಯರ್.

ಕಬ್ಬನ್ ಪಾರ್ಕಿನಲ್ಲಿ ಕೆಂಪು ಲೈಬ್ರರಿ ಕಟ್ಟಡದ ಮುಂದೆ ಪೇಟ ಸುತ್ತಿಕೊಂಡು ನಿಂತ ವಿಗ್ರಹವನ್ನು ದಿನಕ್ಕೆ ಸಾವಿರಾರು ಜನ ನೋಡುತ್ತಾರೆ. ಯಾರು ಅಂತ ಕೇಳಿದರೆ ಹೇಳುವವರು ಕಮ್ಮಿ. ಶೇಷಾದ್ರಿಪುರಂ ಬಸ್ಸಿನಲ್ಲಿ ಇಳಿಯುವವರಿಗೂ ಆ ಹೆಸರು ಒಂದು ಸ್ಟಾಪು, ಅಷ್ಟೇ.

ಹುಟ್ಟಿದ್ದು 1845ರ ಜೂನ್ 1ರಂದು, ಪಾಲ್ಘಾಟಿನ ಹತ್ತಿರ ಕುಮಾರಪುರಂನಲ್ಲಿ. ಓದಿದ್ದು ಕಲ್ಲಿಕೋಟೆ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1868ರಲ್ಲಿ ಬಿ.ಎ. ಆಯಿತು. ಅದೇ ವರ್ಷ ಮೈಸೂರು ಸೀಮೆಯ ಕೆಲಸಕ್ಕೆ ಸೇರಿದರು. ಕರೆತಂದವರು ರಂಗಾಚಾರ್ಲು. ಕಲ್ಲಿಕೋಟೆಯಲ್ಲಿ ಅಧಿಕಾರಿಯಾಗಿದ್ದಾಗಲೇ ರಂಗಾಚಾರ್ಲು ಈ ಹುಡುಗನ ಬುದ್ಧಿ ಕಂಡಿದ್ದರು. ಶಿರಸ್ತೇದಾರಿಕೆಯಿಂದ ಶುರುವಾಗಿ ಜಿಲ್ಲೆಯ ಡೆಪ್ಯುಟಿ ಕಮಿಷನರ್ ತನಕ ಏರಿದ್ದು ಸರ್ಕಾರಿ ಏಣಿಯ ಮಾಮೂಲಿ ಮೆಟ್ಟಿಲು, ಅದನ್ನು ಎಳೆಯುವುದು ಬೇಡ.

1881ರಲ್ಲಿ ಇಂಗ್ಲಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸು ಕೊಟ್ಟರು. ರಂಗಾಚಾರ್ಲು ದಿವಾನರಾದರು. ಎರಡೇ ವರ್ಷ. 1883ರ ಜನವರಿಯಲ್ಲಿ ತೀರಿಕೊಂಡರು. ಆ ಜಾಗಕ್ಕೆ ಮೂವತ್ತೇಳು ವರ್ಷದ ಶೇಷಾದ್ರಿ ಅಯ್ಯರ್ ಬಂದರು. ಅವರಿಗಿಂತ ಹಿರಿಯರಾದ ಅಧಿಕಾರಿಗಳು ಬೇಕಾದಷ್ಟಿದ್ದರು. ಹೊಟ್ಟೆಕಿಚ್ಚಿಗೆ ಬರವಿರಲಿಲ್ಲ. ಆದರೂ ಹದಿನೆಂಟು ವರ್ಷ ಅಲ್ಲಾಡದೆ ಕೂತರು. ಮೈಸೂರಿನ ದಿವಾನಗಿರಿಯಲ್ಲಿ ಅಷ್ಟು ಕಾಲ ನಿಂತವರು ಅವರ ನಂತರವೂ ಇಲ್ಲ.

ಆಗ ರಾಜ್ಯ ಹೇಗಿತ್ತು? 1876ರಿಂದ 78ರವರೆಗಿನ ಬರ ಜನರನ್ನು ತಿಂದು ಮುಗಿಸಿತ್ತು, ಖಜಾನೆ ಮೇಲೆ ಸಾಲ ಕೂತಿತ್ತು. ಅಯ್ಯರ್ ಹಿಡಿದದ್ದು ದುಡ್ಡಿನ ದಾರಿ. ಕೋಲಾರದ ಚಿನ್ನದ ಗಣಿಯ ರಾಯಧನ ಬರತೊಡಗಿತು. ರೈಲು ಹಳಿಗಳು ಹರಿಹರದ ತನಕ ಓಡಿದವು. ಕೆರೆ ಕಾಲುವೆಗೆ ಹಣ ಹರಿಯಿತು. ಹಳ್ಳಿಯಿಂದ ಬೆಂಗಳೂರಿಗೆ ಬರುವವರ ಸಂಖ್ಯೆ ಏರಿತು. ಬಂದವರು ತಲೆ ಹಾಕುವುದೆಲ್ಲಿ?

ಪೇಟೆಯಲ್ಲಿ. ಬೇರೆ ಜಾಗವೇ ಇರಲಿಲ್ಲ.

ಗಾಳಿ ಇಲ್ಲದ ಪೇಟೆ

ಆ ಕಾಲಕ್ಕೆ ಬೆಂಗಳೂರು ಒಂದಲ್ಲ, ಎರಡು. ಪೂರ್ವಕ್ಕೆ ದಂಡು ಪ್ರದೇಶ, ಅದು ಇಂಗ್ಲಿಷರದು. ಅಗಲ ರಸ್ತೆ, ತೋಟದ ಬಂಗಲೆ. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಇದು ಮಹಾರಾಜರ ಕಡೆಯದು. ದೊಡ್ಡಪೇಟೆ, ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ತರಗುಪೇಟೆ. ಒಬ್ಬೊಬ್ಬರ ಕಸುಬಿಗೆ ಒಂದೊಂದು ಬೀದಿ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟ, ಅಟ್ಟದಲ್ಲಿ ದವಸದ ಮೂಟೆ, ಮೂಟೆ ಸಂದಿಯಲ್ಲಿ ಇಲಿ. ಗೋಡೆಗೆ ಗೋಡೆ ಅಂಟಿದ ಮನೆಗಳಿಗೆ ಕಿಟಕಿ ಇಡೋಕೆ ಜಾಗ ಎಲ್ಲಿಂದ ಬರಬೇಕು? ಕಕ್ಕಸಿನ ಕೊಳೆ ಹೊರಗೆ ಹೋಗಬೇಕಾದರೂ ಮನೆ ಮುಂದಿನ ಗಲ್ಲಿಯಲ್ಲೇ ಹೋಗಬೇಕು.

ನೀರಿನ ಪಾಡು ಇನ್ನೂ ಹೀನ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಅದೂ ಸಂಪಂಗಿ ಕೆರೆಯೂ ಊರ ಬಾವಿಗಳೂ ಸೇರಿ ಪೇಟೆಯ ದಾಹ ತೀರಿಸಬೇಕಿತ್ತು. ಮಳೆ ಕೈಕೊಟ್ಟರೆ ಕೊಡ ಹಿಡಿದವರ ಜಗಳ ಪೊಲೀಸ್ ಕಟ್ಟೆ ಏರುತ್ತಿತ್ತು.

ಅಯ್ಯರ್ ಮೊದಲು ಕೈ ಹಾಕಿದ್ದು ಇಲ್ಲಿಗೆ. ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಅಣೆ ಹಾಕಿಸಿ, ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರ ಕೂರಿಸಿ ನೀರನ್ನು ಮೇಲೆತ್ತಿಸಿ, ಕೊಳಾಯಿಯಲ್ಲಿ ಊರಿಗೆ ತರಿಸಿದರು. 1896ರ ಹೊತ್ತಿಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಇದನ್ನು ಮರೆಯಬಾರದು. ಕೊಳಾಯಿ ನೀರಿಲ್ಲದಿದ್ದರೆ ಮುಂದೆ ಎದ್ದ ಬಡಾವಣೆಗಳು ನಕ್ಷೆಯಲ್ಲೇ ಒಣಗುತ್ತಿದ್ದವು.

ಅದಕ್ಕೂ ಮೊದಲೇ, 1892ರಲ್ಲಿ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಹಾಕಿಸಿದ್ದರು. ನೇರ ರಸ್ತೆ, ಅಡ್ಡ ರಸ್ತೆ, ಅಳತೆ ಸೈಟು. ಶೇಷಾದ್ರಿಪುರಂ ಕೂಡ ಅದೇ ವರ್ಷದ್ದು. ಆದರೆ ಪೇಟೆ ಬಿಟ್ಟು ಜನ ಸುಮ್ಮಸುಮ್ಮನೆ ಏಳುವವರಲ್ಲ. ಅಂಗಡಿ ಇಲ್ಲಿ, ಗುಡಿ ಇಲ್ಲಿ, ನೆಂಟರು ಇಲ್ಲಿ. ಅವರನ್ನು ಏಳಿಸೋಕೆ ಇಲಿ ಬರಬೇಕಾಯಿತು.

ಇಲಿ ಬಿತ್ತು

1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು ಹುಬ್ಬಳ್ಳಿ ಧಾರವಾಡ ಹಾದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಇಳಿಯಿತು. ಬಂದದ್ದು ರೈಲಿನಲ್ಲಿ. ಯಾವ ರೈಲನ್ನು ದಿವಾನರು ಅಷ್ಟು ಮುತುವರ್ಜಿಯಿಂದ ಹರಿಹರದ ಕಡೆಗೆ ಬೆಳೆಸಿದ್ದರೋ ಅದೇ ಹಾದಿ.

ಮೊದಲು ಇಲಿ ಬೀಳುತ್ತಿತ್ತು. ಆಮೇಲೆ ಮನುಷ್ಯನಿಗೆ ಜ್ವರ, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ. ನಾಲ್ಕೈದು ದಿನದಲ್ಲಿ ಹೆಣ. ಇಲಿ ಬಿತ್ತು ಅಂದರೆ ಬೀದಿಗೆ ಬೀದಿಯೇ ಪಾತ್ರೆ ಪಡಗ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುವುದು ರೂಢಿಯಾಯಿತು. ಬೀದಿ ಮೂಲೆಯಲ್ಲಿ ಪ್ಲೇಗಮ್ಮನಿಗೆ ಕಲ್ಲು ನೆಟ್ಟು ಪೂಜೆ ಶುರುವಾಯಿತು.

ಲೆಕ್ಕ ನೋಡಿದರೆ ಮೈ ಜುಮ್ಮೆನ್ನುತ್ತದೆ. ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1891ರಲ್ಲಿ 1,80,366. ಹತ್ತು ವರ್ಷದ ಮೇಲೆ, 1901ರಲ್ಲಿ, 1,59,046. ಬೆಳೆಯುತ್ತಿದ್ದ ಊರು ಇಪ್ಪತ್ತೊಂದು ಸಾವಿರ ಕಮ್ಮಿ. ಸತ್ತವರೆಷ್ಟೋ, ಓಡಿಹೋದವರೆಷ್ಟೋ.

ಸರ್ಕಾರದ ಕೈ ಬಿಗಿಯಾಯಿತು. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್. ರೋಗಿಯನ್ನು ಮನೆಯಿಂದ ಎತ್ತಿ ಕ್ಯಾಂಪಿಗೆ ಸಾಗಿಸುವುದು, ಜೊತೆಯಲ್ಲಿದ್ದವರನ್ನು ಬೇರೆ ಇಡುವುದು, ಹೆಂಚು ತೆಗೆದು ಬಿಸಿಲು ಬಿಡುವುದು, ಮದ್ದು ಚೆಲ್ಲುವುದು. ತೀರಾ ಕೆಟ್ಟ ಮನೆಗಳನ್ನು ಕೆಡವಿದ್ದೂ ಉಂಟು. ಗೋಷಾ ಹೆಂಗಸರಿದ್ದ ಮನೆಗೆ, ಮಡಿಯ ಅಡಿಗೆಮನೆಗೆ ಗಂಡು ಸಿಬ್ಬಂದಿ ನುಗ್ಗಿದರೆ ಜನ ಸುಮ್ಮನಿರುತ್ತಾರೆಯೇ? ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲೇ ದೊಂಬಿ ಆಯಿತು. ಪ್ಲೇಗಿಗಿಂತ ಪ್ಲೇಗಿನ ಸಿಬ್ಬಂದಿಗೇ ಜನ ಹೆಚ್ಚು ಹೆದರಿದರು ಅಂದರೆ ತಪ್ಪಲ್ಲ.

ಆ ಕ್ಯಾಂಪಿನಲ್ಲಿ ದುಡಿದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಡಾಕ್ಟರ್ ಪಲ್ಪು. ಈಳವ ಜಾತಿಯವರೆಂಬ ಒಂದೇ ಕಾರಣಕ್ಕೆ ತಿರುವಾಂಕೂರಿನ ಸಂಸ್ಥಾನ ಇವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಹತ್ತಿರದವರೇ ಹೆಣ ಮುಟ್ಟಲು ಹಿಂಜರಿಯುತ್ತಿದ್ದ ದಿನಗಳಲ್ಲಿ ಪಲ್ಪು ರೋಗಿಗಳ ನಡುವೆ ಓಡಾಡಿದರು. ಮಲಯಾಳ ಸೀಮೆಯ ಇಬ್ಬರು, ಒಬ್ಬ ಬ್ರಾಹ್ಮಣ ದಿವಾನ, ಒಬ್ಬ ಈಳವ ವೈದ್ಯ, ಇಬ್ಬರೂ ತಮ್ಮದಲ್ಲದ ಊರಿನ ಪ್ಲೇಗಿಗೆ ಸಿಕ್ಕಿಕೊಂಡಿದ್ದರು.

ಕಡಲೆಕಾಯಿ ಹೊಲದಲ್ಲಿ ಊರು

ಈಗ ದಿವಾನರ ಮುಂದೆ ಎರಡು ದಾರಿ. ಪೇಟೆಯನ್ನು ಸೀಳಿ ಗಲ್ಲಿ ಅಗಲ ಮಾಡುವುದು ಒಂದು. ಪೇಟೆಯನ್ನು ಹಾಗೇ ಬಿಟ್ಟು ಹೊರಗೆ ಹೊಸ ಊರು ಕಟ್ಟುವುದು ಇನ್ನೊಂದು. ಪೇಟೆ ಮುಟ್ಟಿದರೆ ಒಂದೊಂದು ಗೋಡೆಗೂ ಹತ್ತು ವಾರಸುದಾರರು, ಒಂದೊಂದು ಅಂಗಡಿಗೂ ಪರಿಹಾರ. ಹೊರಗಿನ ಭೂಮಿ ಅಗ್ಗ. ದಿವಾನರು ಅಗ್ಗದ ದಾರಿ ಹಿಡಿದರು. ತಪ್ಪು ಅನ್ನುವಂತಿಲ್ಲ, ಜನ ಸಾಯುತ್ತಿದ್ದ ಹೊತ್ತು. ಆದರೆ ಬೆಂಗಳೂರು ತನ್ನ ನಡುವಿನ ಗಾಯ ಬಿಟ್ಟು ಹೊರಗೆ ಓಡುವ ಚಾಳಿ ಕಲಿತದ್ದು ಅಂದೇ.

ದಕ್ಷಿಣಕ್ಕೆ ಸುಂಕೇನಹಳ್ಳಿ ಕಡೆ, ದೊಡ್ಡ ಬಸವಣ್ಣನ ಗುಡಿ ಇದ್ದ ದಿಬ್ಬದ ಸುತ್ತಮುತ್ತ ಬಸವನಗುಡಿ, ಸುಮಾರು 440 ಎಕರೆ. ಅದು ಕಡಲೆಕಾಯಿ ಬೆಳೆಯುವ ಸೀಮೆ. ಇವತ್ತಿಗೂ ಕಾರ್ತಿಕದ ಕಡೇ ಸೋಮವಾರ ಪರಿಷೆ ಸೇರುತ್ತದೆ, ಕಾಯಿ ಮಾತ್ರ ಹೊರಗಿನಿಂದ ಬರುತ್ತದೆ. ಉತ್ತರಕ್ಕೆ ಕಾಡು ಮಲ್ಲೇಶ್ವರನ ಗುಡಿಯ ಆಸುಪಾಸು ಮಲ್ಲೇಶ್ವರ, ಸುಮಾರು 290 ಎಕರೆ. ಶಿವಾಜಿಯ ತಮ್ಮ ಏಕೋಜಿ ಆ ಗುಡಿಗೆ 1669ರಲ್ಲೇ ದತ್ತಿ ಬಿಟ್ಟಿದ್ದ. ಹೆಸರಿಗೆ ತಕ್ಕಂತೆ ಆಗ ಅದು ಕಾಡೇ.

ನಕ್ಷೆ ಹಾಕಿದವರು ಪ್ಲೇಗಿನ ಪಾಠ ಮರೆಯಲಿಲ್ಲ. ರಸ್ತೆ ಗೆರೆ ಎಳೆದ ಹಾಗೆ ನೇರ. ಮನೆ ಸುತ್ತ ಗಾಳಿಗೆ ಜಾಗ. ನಡುವೆ ಪಾರ್ಕು. ಎಲ್ಲಕ್ಕಿಂತ ಮುಖ್ಯ, ಎರಡು ಸಾಲು ಮನೆಗಳ ಬೆನ್ನ ಹಿಂದೆ ಒಂದು ಸಣ್ಣ ಓಣಿ. ಕನ್ಸರ್ವೆನ್ಸಿ ಲೇನು ಅಂತ ಕಾಗದದಲ್ಲಿ ಬರೆದರು, ಜನ ಕಕ್ಕಸು ಗಲ್ಲಿ ಅಂದರು. ಮಲದ ಬುಟ್ಟಿ ಇನ್ನು ಮುಂಬಾಗಿಲಲ್ಲಿ ಹೋಗಬೇಕಿಲ್ಲ. ಬಡಾವಣೆಯ ಆರೋಗ್ಯವೆಲ್ಲ ಆ ಓಣಿಯ ಮೇಲೆ ನಿಂತಿತ್ತು, ಓಣಿ ಅದನ್ನು ಹೊತ್ತವರ ತಲೆ ಮೇಲೆ ನಿಂತಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಅಂತ ಹುಕುಂ ಹೊರಡಿಸುವ ತನಕ ಆ ಬುಟ್ಟಿ ಇಳಿಯಲಿಲ್ಲ.

ಸೈಟು ಯಾರಿಗೆ ಸಿಕ್ಕಿತು? ಇಲ್ಲಿ ಪ್ಲೇಗು ಕಲಿಸದ ಪಾಠ ಒಂದಿತ್ತು. ಇಲಿ ಜಾತಿ ನೋಡಿರಲಿಲ್ಲ, ಬಡಾವಣೆ ನೋಡಿತು. ಹೊಸ ನೆಲದ ಮೇಲೂ ಬ್ರಾಹ್ಮಣರಿಗೆ ಒಂದು ಭಾಗ, ವ್ಯಾಪಾರಸ್ಥ ಜಾತಿಗೆ ಒಂದು, ಮುಸಲ್ಮಾನರಿಗೆ ಒಂದು ಅಂತ ವಿಂಗಡಿಸಿಯೇ ಹಂಚಿದರು. ಪೇಟೆಯ ಬೀದಿ ಬೀದಿ ಪದ್ಧತಿಯೇ ಇಲ್ಲಿ ಅಗಲ ರಸ್ತೆಯಲ್ಲಿ ಮುಂದುವರಿಯಿತು. ಮೇಲಾಗಿ ಸೈಟು ತೆಗೆದುಕೊಂಡರೆ ಸಾಲದು, ಮನೆ ಕಟ್ಟಬೇಕು. ಸರ್ಕಾರಿ ಗುಮಾಸ್ತೆ, ವಕೀಲ, ಮೇಷ್ಟ್ರು, ಸಾಹುಕಾರ ಇವರಿಗೆ ಅದು ಸಾಧ್ಯ. ನೇಯುವವನು, ಮೂಟೆ ಹೊರುವವನು, ಬಾಡಿಗೆ ಕೋಣೆಯಲ್ಲಿ ಏಳು ಜನ ಮಲಗುವವನು ಏನು ಮಾಡಿಯಾನು? ಅವನು ಪೇಟೆಯಲ್ಲೇ ಉಳಿದ. ಗಟ್ಟಿ ಕುಳಗಳು ಖಾಲಿ ಮಾಡಿದ ಮನೆಗಳು ಗೋಡೌನಾದವು, ಇಲ್ಲವೇ ತುಂಡು ತುಂಡಾಗಿ ಬಾಡಿಗೆಗೆ ಬಿದ್ದವು.

ನೋಡದೆ ಹೋದ ಬೆಳಕು

ಶೇಷಾದ್ರಿ ಅಯ್ಯರ್ ಎಲ್ಲರ ಪ್ರೀತಿಪಾತ್ರರಾಗಿದ್ದರು ಅಂದರೆ ಸುಳ್ಳಾದೀತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಮಹಾರಾಣಿಯವರು ರೀಜೆಂಟರಾದರು, ದಿವಾನರ ಕೈ ಇನ್ನೂ ಉದ್ದವಾಯಿತು. ದೊಡ್ಡ ಹುದ್ದೆಗೆಲ್ಲ ಮದರಾಸಿನವರನ್ನೇ ತುಂಬುತ್ತಾರೆ ಅನ್ನುವ ದೂರು ಮೈಸೂರಿನವರಲ್ಲಿ ಕುದಿಯುತ್ತಲೇ ಇತ್ತು, ಪತ್ರಿಕೆಗಳೂ ಬಿಡಲಿಲ್ಲ. ದೂರಿನಲ್ಲಿ ಹುರುಳಿತ್ತು. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರು ಮಾಡಿದವರೂ, ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆ ತಂದವರೂ ಅವರೇ ಅನ್ನೋದು ಅದರ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿ.

1892ರಲ್ಲಿ ಊರೂರು ಅಲೆಯುತ್ತಿದ್ದ ಒಬ್ಬ ತರುಣ ಸನ್ಯಾಸಿ ಬೆಂಗಳೂರಿಗೆ ಬಂದಾಗ ದಿವಾನರು ಮನೆಯಲ್ಲಿ ಇರಿಸಿಕೊಂಡು ಮಹಾರಾಜರಿಗೆ ಪರಿಚಯ ಮಾಡಿಸಿದರು. ಮರು ವರ್ಷ ಷಿಕಾಗೋದಲ್ಲಿ ಹೆಸರಾದ ವಿವೇಕಾನಂದರು ಅವರೇ.

ಪ್ಲೇಗಿನ ಎರಡು ವರ್ಷ ದಿವಾನರ ದೇಹವನ್ನೂ ಸೋಲಿಸಿತು. 1900ರಲ್ಲಿ ರಜೆ, 1901ರ ಮಾರ್ಚಿನಲ್ಲಿ ನಿವೃತ್ತಿ. ಅದೇ ತಿಂಗಳು ಜನಗಣತಿಯವರು ಮನೆಮನೆ ಎಣಿಸಿ ಖಾಲಿಯಾದ ಬೆಂಗಳೂರಿನ ಲೆಕ್ಕ ಬರೆದುಕೊಳ್ಳುತ್ತಿದ್ದರು. ಸೆಪ್ಟೆಂಬರ್ 13ರಂದು ಅಯ್ಯರ್ ತೀರಿಕೊಂಡರು. ವಯಸ್ಸು ಐವತ್ತಾರು.

ಅವರು ಶುರು ಮಾಡಿಸಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗೂಟಗಳ ನಡುವೆ ಇನ್ನೂ ಹುಲ್ಲೇ ಹೆಚ್ಚು. ಕಬ್ಬನ್ ಪಾರ್ಕಿನ ವಿಗ್ರಹ ನಿಂತದ್ದು 1913ರಲ್ಲಿ. ಅಷ್ಟು ಹೊತ್ತಿಗೆ ಅಂದು ಗೂಟ ಹೊಡೆದ ಕಡೆ ಹೆಂಚಿನ ಮನೆಗಳು ಎದ್ದು, ಅಂಗಳದಲ್ಲಿ ಸಂಪಿಗೆ ಮರ ಬೆಳೆದು, ಬಾಗಿಲಲ್ಲಿ ರಂಗೋಲಿ ಬಿದ್ದಿತ್ತು. ಇವತ್ತು ಅವೂ ಒಂದೊಂದಾಗಿ ಉರುಳಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಏಳುತ್ತಿವೆ, ಕಕ್ಕಸು ಗಲ್ಲಿಯಲ್ಲಿ ಸ್ಕೂಟರ್ ನಿಲ್ಲುತ್ತದೆ.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಬೀದಿದೀಪ ಮೊದಲು ಹತ್ತಿದ್ದು ಹೊಸ ಬಡಾವಣೆಯಲ್ಲಲ್ಲ, ಪೇಟೆಯ ಮಗ್ಗುಲಲ್ಲಿ, ಈಗಿನ ಸಿಟಿ ಮಾರ್ಕೆಟ್ ಬಳಿ. ಆ ಬೆಳಕಿನಲ್ಲಿ ಕಂಡ ಗಲ್ಲಿಗಳ ಅಗಲ ಮಾತ್ರ 1898ರಲ್ಲಿ ಇದ್ದಷ್ಟೇ.