ಬೀಗದ ಕೈ ತನ್ನಲ್ಲೇ ಇದ್ದ ಸೆರೆಯಾಳು

ಸೆರೆಮನೆಯ ಬೀಗದ ಕೈ ಸಾಮಾನ್ಯವಾಗಿ ಅಧಿಕಾರಿಯ ಬಳಿ ಇರುತ್ತದೆ. ಜಾನ್ ಬನ್ಯನ್ನನ ಸೆರೆ ಹಾಗಿರಲಿಲ್ಲ. ಇನ್ನು ಮುಂದೆ ಸಭೆ ಕೂಡಿಸಿ ಬೋಧಿಸುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಆತ ಮನೆಗೆ ಮರಳಬಹುದಾಗಿತ್ತು. ಆ ಒಂದು ಮಾತನ್ನು ಕೊಡಲೊಲ್ಲದೆ ಆತ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸೆರೆಯಲ್ಲಿ ಸುಮಾರು 12 ವರ್ಷಗಳನ್ನು ಕಳೆದನು.

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡಿನ ಸಮೀಪದ ಎಲ್‌ಸ್ಟೋ ಗ್ರಾಮದಲ್ಲಿ. ತಂದೆ ತೂತುಬಿದ್ದ ಪಾತ್ರೆಗಳನ್ನು ಬೆಸೆದು ಜೀವಿಸುತ್ತಿದ್ದನು; ಮಗನೂ ಅದೇ ಕಸುಬನ್ನು ಹಿಡಿದನು. ಓದುಬರಹ ಅಲ್ಪವೇ. ಹದಿಹರೆಯದಲ್ಲಿ ಅಂತರ್ಯುದ್ಧದ ಕಾಲದ ಪಾರ್ಲಿಮೆಂಟಿನ ಸೇನೆಯಲ್ಲಿ ಕೆಲಕಾಲ ಇದ್ದು ಬಂದನು. ಮೊದಲ ಹೆಂಡತಿ ತವರಿನಿಂದ ತಂದ ಆಸ್ತಿಯೆಂದರೆ ಎರಡು ಭಕ್ತಿಗ್ರಂಥಗಳು. ಅವುಗಳ ಓದು ಅವನಲ್ಲಿ ದೇವರ ಹಂಬಲವನ್ನೆಬ್ಬಿಸಿತು. ಸಂಶಯ ಮತ್ತು ಪಾಪಭೀತಿಗಳಲ್ಲಿ ವರ್ಷಗಟ್ಟಲೆ ಬೆಂದು, ಕಡೆಗೆ ಬೆಡ್‌ಫರ್ಡಿನ ಸ್ವತಂತ್ರ ಸಭೆಯೊಂದನ್ನು ಸೇರಿ ಆತ ಬೋಧಕನಾದನು.

1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಪಟ್ಟಕ್ಕೆ ಬಂದ ಮೇಲೆ ಅಧಿಕೃತ ಚರ್ಚಿನ ಹೊರಗಿನ ಸಭೆಗಳಿಗೆ ಕಷ್ಟದ ಕಾಲ ಒದಗಿತು. ಆ ವರ್ಷದ ನವೆಂಬರಿನಲ್ಲಿ ಹಳ್ಳಿಯೊಂದರ ಮನೆಯಲ್ಲಿ ಬೋಧಿಸಲು ಹೋದ ಬನ್ಯನ್ನನಿಗೆ ತನ್ನ ಬಂಧನದ ಆಜ್ಞೆ ಹೊರಟಿರುವುದು ಮೊದಲೇ ತಿಳಿಯಿತು. ಬೋಧಿಸಿದವನೇ ಓಡಿಹೋದರೆ ಹೊಸ ಭಕ್ತರ ಗತಿಯೇನೆಂದು ಎಣಿಸಿ ಆತ ಅಲ್ಲಿಯೇ ನಿಂತನು. ಎಲಿಜಬೆತ್ ರಾಣಿಯ ಕಾಲದ ಹಳೆಯ ಕಾನೂನೊಂದನ್ನು ಹಿಡಿದು ನ್ಯಾಯಸ್ಥಾನ ಶಿಕ್ಷೆ ವಿಧಿಸಿತು: ಮೂರು ತಿಂಗಳ ಸೆರೆ, ಆಗಲೂ ಮಣಿಯದಿದ್ದರೆ ಗಡೀಪಾರು, ಅಪ್ಪಣೆಯಿಲ್ಲದೆ ಮರಳಿದರೆ ಗಲ್ಲು. ಗಡೀಪಾರು ನಡೆಯಲಿಲ್ಲ, ಸೆರೆ ಮಾತ್ರ ಬೆಳೆಯುತ್ತ ಹೋಯಿತು.

ಶಿಕ್ಷೆಯ ಭಾರ ಮನೆಯವರ ಮೇಲೂ ಬಿದ್ದಿತು. ಎರಡನೆಯ ಹೆಂಡತಿ ಎಲಿಜಬೆತ್ ಆಗ ಗರ್ಭಿಣಿ. ಬಂಧನದ ಸುದ್ದಿಯ ಆಘಾತದಿಂದ ಅಕಾಲದಲ್ಲಿ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಮೊದಲ ಹೆಂಡತಿಯ ನಾಲ್ವರು ಮಕ್ಕಳು ಆಕೆಯ ಮಡಿಲಲ್ಲಿದ್ದರು. ಹಿರಿಯಳಾದ ಮೇರಿ ಹುಟ್ಟುಕುರುಡಿ. 1661ರ ಆಗಸ್ಟಿನಲ್ಲಿ ಈ ತರುಣಿ ನ್ಯಾಯಾಧೀಶರ ಮುಂದೆ ನಿಂತು ಗಂಡನ ಪರವಾಗಿ ವಾದಿಸಿದಳು. ಒಬ್ಬರು ಸಿಡಿಮಿಡಿಗೊಂಡರು, ಸರ್ ಮ್ಯಾಥ್ಯೂ ಹೇಲ್ ಮರುಗಿದರು. ಆದರೆ ಬಿಡುಗಡೆ ದೊರೆಯಲಿಲ್ಲ.

ಬನ್ಯನ್ ಸೆರೆಯಲ್ಲಿ ಕುಳಿತು ಬೂಟಿನ ಲಾಡಿಗಳಿಗೆ ತಗಡಿನ ತುದಿ ಕಟ್ಟಿ, ಮಾರಿ ಬಂದ ಕಾಸನ್ನು ಮನೆಗೆ ಕಳಿಸುತ್ತಿದ್ದನು. ಕಾವಲುಗಾರನ ದಾಕ್ಷಿಣ್ಯದಿಂದ ಒಮ್ಮೊಮ್ಮೆ ಹೊರಗೆ ಹೋದರೂ ತಾನಾಗಿಯೇ ಮರಳುತ್ತಿದ್ದನು. ಆದರೆ ಆತ ಕಲ್ಲೆದೆಯವನಾಗಿರಲಿಲ್ಲ. ತಾನೇ ತನ್ನ ಸಂಸಾರದ ಮನೆಯನ್ನು ಕೆಡವುತ್ತಿರುವೆನೆಂಬ ಯೋಚನೆ, ಅದರಲ್ಲೂ ಕುರುಡುಮಗಳು ಚಳಿಯಲ್ಲಿ ಭಿಕ್ಷೆ ಬೇಡುವ ಚಿತ್ರ, ಅವನನ್ನು ಹಿಂಡುತ್ತಿತ್ತು. ಗಲ್ಲಿನ ಏಣಿಯ ಮೇಲೆ ಕಾಲು ನಡುಗಿ ದೇವರ ಹೆಸರಿಗೆ ಕುಂದು ತಂದೇನೆಂಬ ಭಯವೂ ಇತ್ತು. ಪ್ರಾರ್ಥನೆಗೆ ಸಮಾಧಾನ ದೊರಕದ ದಿನಗಳೂ ಇದ್ದವು. ಆ ಕತ್ತಲಲ್ಲಿ ಆತ ಒಂದು ನಿಶ್ಚಯಕ್ಕೆ ಬಂದನು: ದೇವರು ತನಗೆ ಸಾಂತ್ವನ ಕೊಡುವುದೂ ಬಿಡುವುದೂ ದೇವರಿಗೆ ಸೇರಿದ್ದು, ಕೊಟ್ಟ ಮಾತಿಗೆ ನಿಲ್ಲುವುದು ಮಾತ್ರ ತನ್ನ ಪಾಲಿನದು. 1666ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಅಳುಕನ್ನೆಲ್ಲ ಅವನು ಮುಚ್ಚಿಡದೆ ಬರೆದಿದ್ದಾನೆ. ಪ್ರತಿಫಲವನ್ನು ಬೇಡದ ಭಕ್ತಿ ಎಂದರೆ ಇದು.

1672ರಲ್ಲಿ ದೊರೆಯ ಧರ್ಮಸಹನೆಯ ಘೋಷಣೆಯಿಂದ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಮತ್ತೆ ಕೆಲವು ತಿಂಗಳ ಸೆರೆ. 1678ರಲ್ಲಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಹೊರಬಂದಿತು. ಬೆನ್ನಮೇಲೆ ಹೊರೆ ಹೊತ್ತು ದಿವ್ಯನಗರಿಯನ್ನು ಅರಸಿ ನಡೆಯುವ ಆ ಯಾತ್ರಿಕನ ದಾರಿಯಲ್ಲಿ ಅನ್ಯಾಯದ ನ್ಯಾಯಸ್ಥಾನವೂ ಇದೆ, ಸಂಶಯದ ಕೋಟೆಯ ಸೆರೆಯೂ ಇದೆ. ಎರಡನ್ನೂ ಕವಿ ಕಂಡು ಬಂದಿದ್ದನಷ್ಟೆ! ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನವರು ಇದನ್ನು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು.

1688ರಲ್ಲಿ, ಮುನಿಸಿಕೊಂಡಿದ್ದ ತಂದೆಮಕ್ಕಳನ್ನು ಒಂದುಗೂಡಿಸಿ, ಮಳೆಯಲ್ಲಿ ನೆನೆಯುತ್ತ ಲಂಡನ್ನಿಗೆ ಬಂದ ಬನ್ಯನ್ ಜ್ವರದಿಂದ ಮಲಗಿ ಆಗಸ್ಟ್ 31ರಂದು ತೀರಿಕೊಂಡನು. ಅವನಂಥವರು ನಿರ್ಭಯವಾಗಿ ಸಭೆ ಕೂಡಲು ಅನುಮತಿಯಿತ್ತ ಶಾಸನ ಬಂದದ್ದು ಮರುವರ್ಷ, 1689ರಲ್ಲಿ.