ಟೈಗರ್ ಮಾತ್ ಕಟ್ಟಿದ ಜೆಫ್ರಿ ಡಿ ಹ್ಯಾವಿಲೆಂಡ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಮೇಷ್ಟ್ರು ಫೋನ್ ಮಾಡಿದ ದಿನ ನನ್ನ ಮೇಜಿನ ಮೇಲೆ ಒಂದು ರೆಕ್ಕೆ ಒಣಗುತ್ತಿತ್ತು. ಹದಿನಾಲ್ಕು ತಿಂಗಳಿಂದ ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಈ ಕೆಲಸ. ನಾನು ಕಟ್ಟುತ್ತಿರುವುದು ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನದ ಮಾದರಿ. ಒಂದರ ಮೇಲೊಂದು ಎರಡು ರೆಕ್ಕೆಗಳ ವಿಮಾನ ಅದು. ಅಂಗಡಿಯಿಂದ ಡಬ್ಬಿ ತಂದು ಜೋಡಿಸಿದ್ದಲ್ಲ, ನಕ್ಷೆ ಹಾಸಿಕೊಂಡು ಪ್ರತಿ ಪಟ್ಟಿಯನ್ನೂ ಬಾಲ್ಸಾ ಮರದಲ್ಲಿ ನಾನೇ ಕೊಯ್ದದ್ದು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಅಸಲಿನ ರೆಕ್ಕೆ ತುದಿಯಿಂದ ತುದಿಗೆ 29 ಅಡಿ 4 ಅಂಗುಲ, ನನ್ನದು 29 ಅಂಗುಲದ ಮೇಲೆ ಚೂರು. ಈ ಹದಿನಾಲ್ಕು ತಿಂಗಳಲ್ಲಿ ಆ ವಿಮಾನಕ್ಕಿಂತ ಅದನ್ನು ಕಟ್ಟಿದ ಮನುಷ್ಯನೇ ನನ್ನ ತಲೆಯನ್ನು ಹೆಚ್ಚು ತುಂಬಿಕೊಂಡರು. ಅವರ ವಿಷಯವನ್ನೇ ಬರೆಯುತ್ತೇನೆ.

ಜೆಫ್ರಿ ಡಿ ಹ್ಯಾವಿಲೆಂಡ್ 1882ರ ಜುಲೈ 27ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಚರ್ಚಿನ ಪಾದ್ರಿ, ಕೈಯಲ್ಲಿ ಹಣ ಕಡಿಮೆ. ಹುಡುಗನಿಗೆ ಪುಸ್ತಕಕ್ಕಿಂತ ಯಂತ್ರಗಳ ಹುಚ್ಚು. ಅಣ್ಣನ ಜೊತೆ ಸೇರಿ ಮನೆಗೆ ತಾವೇ ವಿದ್ಯುತ್ ತಯಾರಿಸಿಕೊಂಡವರು. ಎಂಜಿನಿಯರಿಂಗ್ ಓದಿ ಮೋಟಾರು ಕಂಪನಿಗಳಲ್ಲಿ ಕೆಲಸ ಮಾಡಿದರು, ಆದರೆ ಮನಸ್ಸು ನಿಂತಿದ್ದು ವಿಮಾನದ ಮೇಲೆ. ತಾಯಿಯ ತಂದೆ 1,000 ಪೌಂಡ್ ಕೊಟ್ಟರು. ನಮ್ಮ ಕಡೆ ತಾತಂದಿರು ಹೊಲ ಮಾರಿ ಮೊಮ್ಮಕ್ಕಳನ್ನು ಬಿಇ ಓದಿಸಿದ ಹಾಗೆಯೇ ಅದು, ಆದರೆ ಈ ದುಡ್ಡಿಗೆ ಡಿಗ್ರಿಯ ಭರವಸೆಯೂ ಇರಲಿಲ್ಲ. ಫ್ರಾಂಕ್ ಹರ್ಲ್ ಎಂಬ ಮೆಕ್ಯಾನಿಕ್ ಗೆಳೆಯ ಜೊತೆಗೂಡಿದರು. ಕೊಳ್ಳಲು ತಕ್ಕ ಎಂಜಿನ್ ಸಿಗಲಿಲ್ಲವೆಂದು ಎಂಜಿನ್ನಿನ ವಿನ್ಯಾಸವನ್ನೂ ಜೆಫ್ರಿಯವರೇ ಮಾಡಿದರು. ರೆಕ್ಕೆಯ ಬಟ್ಟೆಯನ್ನು ಹೆಂಡತಿ ಲೂಯಿ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಹೊಲಿದರು.

1909ರ ಡಿಸೆಂಬರಿನಲ್ಲಿ ಸೆವೆನ್ ಬ್ಯಾರೋಸ್ ಎಂಬ ಹುಲ್ಲುಗಾವಲಿನ ಇಳಿಜಾರಿನಲ್ಲಿ ಅದನ್ನು ಓಡಿಸಿದರು. ನೆಲ ಬಿಟ್ಟ ಕ್ಷಣಗಳಲ್ಲೇ ರೆಕ್ಕೆ ಮುರಿದು ವಿಮಾನ ಕುಸಿಯಿತು. ವರ್ಷಗಟ್ಟಲೆ ದುಡಿದದ್ದು ಹುಲ್ಲಿನ ಮೇಲೆ ಕಟ್ಟಿಗೆಯ ರಾಶಿಯಾಯಿತು. ಅದೃಷ್ಟಕ್ಕೆ ಅವರಿಗೆ ದೊಡ್ಡ ಪೆಟ್ಟಾಗಲಿಲ್ಲ, ಎಂಜಿನ್ನೂ ಉಳಿಯಿತು. ಅದೇ ಎಂಜಿನ್ ಇಟ್ಟು ಎರಡನೆಯದನ್ನು ಇನ್ನಷ್ಟು ಸರಳವಾಗಿ, ಗಟ್ಟಿಯಾಗಿ ಕಟ್ಟಿದರು. 1910ರಲ್ಲಿ ಅದು ಅದೇ ಜಾಗದಲ್ಲಿ ಹಾರಿತು. ಹಾರಾಟವನ್ನು ಅವರಿಗೆ ಕಲಿಸಿದವರು ಯಾರೂ ಇಲ್ಲ. ಸ್ವಲ್ಪ ಕೈ ಕುದುರಿದ ಮೇಲೆ ಹೆಂಡತಿಯನ್ನೂ ಕೈಗೂಸು ಮಗನನ್ನೂ ಕೂರಿಸಿಕೊಂಡು ಹಾರಿದರು. ಆ ಮಗನ ಹೆಸರೂ ಜೆಫ್ರಿ.

ಸರ್ಕಾರದ ಬಲೂನ್ ಕಾರ್ಖಾನೆ ಆ ವಿಮಾನವನ್ನು 400 ಪೌಂಡಿಗೆ ಕೊಂಡು, ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಅವರ ವಿನ್ಯಾಸದ ವಿಮಾನಗಳು ಸಾವಿರಗಟ್ಟಲೆ ತಯಾರಾದವು. 1920ರಲ್ಲಿ ಸ್ವಂತ ಕಂಪನಿ ಶುರುಮಾಡಿದರು.

ಯುದ್ಧ ಮುಗಿದ ಮೇಲೆ ಅವರಿಗೆ ಬೇಕಾಗಿದ್ದು ಸಾಮಾನ್ಯರೂ ಕಲಿತು ಹಾರಿಸಬಹುದಾದ ಅಗ್ಗದ ವಿಮಾನ. ಯುದ್ಧದಲ್ಲಿ ಮಿಕ್ಕ ಎಂಟು ಸಿಲಿಂಡರಿನ ಎಂಜಿನ್ನುಗಳ ಅರ್ಧ ಭಾಗವನ್ನು ಬಳಸಿ ನಾಲ್ಕು ಸಿಲಿಂಡರಿನದನ್ನು ಮಾಡಿಕೊಟ್ಟವರು ಫ್ರಾಂಕ್ ಹ್ಯಾಲ್ಫರ್ಡ್. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಶೆಡ್ಡಿನೊಳಗೆ ತಳ್ಳಬಹುದಿತ್ತು. ಜೆಫ್ರಿಯವರಿಗೆ ಚಿಟ್ಟೆ, ಪತಂಗಗಳೆಂದರೆ ಪ್ರಾಣ, ರೆಕ್ಕೆ ಮಡಚುವ ವಿಮಾನಕ್ಕೆ ಮಾತ್, ಅಂದರೆ ಪತಂಗ, ಎಂದೇ ಹೆಸರಿಟ್ಟರು. 1925ರ ಫೆಬ್ರವರಿ 22ರಂದು ಅದನ್ನು ಮೊದಲು ಹಾರಿಸಿದವರೂ ಅವರೇ. 1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಆಗಾ ಖಾನ್ ಬಹುಮಾನಕ್ಕೆ ಇಳಿದ ಜೆ.ಆರ್.ಡಿ. ಟಾಟಾ, ಆಸ್ಪಿ ಎಂಜಿನಿಯರ್, ಮನಮೋಹನ್ ಸಿಂಗ್ ಮೂವರ ಕೈಯಲ್ಲೂ ಇದ್ದದ್ದು ಜಿಪ್ಸಿ ಮಾತ್. ಗೆದ್ದ ಆಸ್ಪಿ ಮುಂದೆ ನಮ್ಮ ಬೆಂಗಳೂರಿನ ಎಚ್‌ಎಎಲ್ ನಡೆಸಿ, ಆಮೇಲೆ ವಾಯುಪಡೆಯ ಮುಖ್ಯಸ್ಥರಾದರು.

1931ರ ಅಕ್ಟೋಬರ್ 26ರಂದು ಟೈಗರ್ ಮಾತ್ ಬಂತು. ಮಾದರಿ ಕಟ್ಟುವವನನ್ನು ಕಾಡುವುದು ಇದರ ರೆಕ್ಕೆ. ಮುಂದಿನ ಸೀಟಿನಲ್ಲಿ ಗುರು, ಹಿಂದಿನದರಲ್ಲಿ ಶಿಷ್ಯ. ಹಳೆಯ ಮಾತ್‌ನಲ್ಲಿ ಮೇಲಿನ ರೆಕ್ಕೆ ಗುರುವಿನ ತಲೆಯ ಮೇಲೇ ಇತ್ತು, ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರುವುದು ಕಷ್ಟ. ಅದಕ್ಕೆ ಆ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸರಿಸಿದ್ದಕ್ಕೆ ತೂಕದ ಸಮತೋಲ ತಪ್ಪಿತು, ಸರಿಪಡಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ನಕ್ಷೆಯಲ್ಲಿ ಚಂದಕ್ಕೆಂದು ಕಾಣುವ ಆ ಬಾಗು ಒಬ್ಬ ಮೇಷ್ಟ್ರ ಜೀವ ಉಳಿಯಲೆಂದು ಬಂದದ್ದು. ಇದು ತಿಳಿಯದೆ ನನ್ನ ಮೊದಲ ರೆಕ್ಕೆಯನ್ನು ನೇರವಾಗಿ ಕಟ್ಟಿದ್ದೆ, ಬಿಚ್ಚಬೇಕಾಯಿತು. ಎರಡನೆಯದಕ್ಕೆ ಅಮ್ಮನ ಹಳೆಯ ತೆಳು ರೇಷ್ಮೆ ಸೀರೆಯ ಸೆರಗು ಹೊದಿಸಿ, ಬಟ್ಟೆ ಬಿಗಿಯಾಗಲು ವಾರ್ನಿಶ್ ಬಳಿದೆ. ಅವಸರಕ್ಕೆ ಒಂದೇ ಮಗ್ಗುಲಿಗೆ ಬಳಿದಿದ್ದರಿಂದ ಬೆಳಗಾಗುವಷ್ಟರಲ್ಲಿ ಅದು ಬಿಸಿಲಿಗಿಟ್ಟ ಹಪ್ಪಳದಂತೆ ತಿರುಚಿಕೊಂಡಿತ್ತು. ಸೆರಗಿನ ಇನ್ನರ್ಧ ಉಳಿದಿತ್ತು, ಪುಣ್ಯ.

8 ಸಾವಿರಕ್ಕೂ ಹೆಚ್ಚು ಟೈಗರ್ ಮಾತ್‌ಗಳು ತಯಾರಾದವು. ನಮ್ಮ ವಾಯುಪಡೆಯ ಎಷ್ಟೋ ಮಂದಿ ಹಾರಲು ಕಲಿತದ್ದು ಅದರಲ್ಲೇ. ಅದರ ಜಾಗಕ್ಕೆ ಬಂದದ್ದು ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಗೊಂಡು 1951ರಲ್ಲಿ ಹಾರಿದ ಎಚ್‌ಟಿ-2. ಆ ಮೊದಲ ಎಚ್‌ಟಿ-2ಕ್ಕೆ ಕೂರಿಸಿದ ಎಂಜಿನ್ ಮಾತ್ರ ಡಿ ಹ್ಯಾವಿಲೆಂಡ್ ಕಂಪನಿಯದೇ.

ಇಷ್ಟರೊಳಗೆ ಅವರ ಮನೆ ಖಾಲಿಯಾಗಿತ್ತು. ಮೂವರು ಗಂಡುಮಕ್ಕಳಲ್ಲಿ ಜಾನ್ 1943ರಲ್ಲಿ ತೀರಿಕೊಂಡರು. ತಂದೆಯ ಕಂಪನಿಯ ಮರದ ಮಾಸ್ಕಿಟೊ ವಿಮಾನಗಳು ಎರಡು ಆಕಾಶದಲ್ಲಿ ಡಿಕ್ಕಿಯಾಗಿದ್ದವು. ಕೈಗೂಸಾಗಿ ಹಾರಿದ್ದ ಜೆಫ್ರಿ ದೊಡ್ಡವರಾಗಿ ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದರು. 1946ರ ಸೆಪ್ಟೆಂಬರ್ 27ರಂದು ಬಾಲದ ಅಡ್ಡರೆಕ್ಕೆ ಇಲ್ಲದ ಜೆಟ್ ಒಂದನ್ನು ಪರೀಕ್ಷಿಸುತ್ತಿದ್ದಾಗ ಅದು ಗಾಳಿಯಲ್ಲೇ ಚೂರಾಯಿತು. ಮೊದಲ ರೆಕ್ಕೆಗೆ ಬಟ್ಟೆ ಹೊಲಿದ ಲೂಯಿ ಆ ದುಃಖದಿಂದ ಚೇತರಿಸಿಕೊಳ್ಳಲೇ ಇಲ್ಲ, 1949ರಲ್ಲಿ ಹೋದರು. ಅದೇ ವರ್ಷ ಜುಲೈ 27ಕ್ಕೆ, ಜೆಫ್ರಿಯವರ 67ನೇ ಹುಟ್ಟುಹಬ್ಬದ ದಿನ, ಪ್ರಪಂಚದ ಮೊದಲ ಪ್ರಯಾಣಿಕರ ಜೆಟ್ ವಿಮಾನ ಕಾಮೆಟ್ ಹಾರಿತು. 1954ರಲ್ಲಿ ಎರಡು ಕಾಮೆಟ್‌ಗಳು ಸಮುದ್ರಕ್ಕೆ ಬಿದ್ದವು. ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದಾಗ ಲೋಹ ದಣಿದು ಸೀಳುವುದು ಗೊತ್ತಾಯಿತು. ಆ ಪಾಠ ಆಮೇಲಿನ ಎಲ್ಲ ವಿಮಾನಗಳಿಗೂ ಸಿಕ್ಕಿತು, ಬೆಲೆ ತೆತ್ತವರು ಬೇರೆ.

ಅವರು 1965ರ ಮೇ 21ರಂದು ನಿಧನರಾದರು. ಚಿತಾಭಸ್ಮವನ್ನು ವಿಮಾನದಿಂದ ಸೆವೆನ್ ಬ್ಯಾರೋಸ್ ಮೇಲೆ ಚೆಲ್ಲಿದರು.

ನನ್ನ ಮಾದರಿಯನ್ನು ಶಾಲೆಯ ವಿಜ್ಞಾನ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮಹೋತ್ಸವಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಬರುವ ಗೆಳೆಯರು ಬಂದು ನೋಡಿ. ಎಡಗಡೆಯ ಕೆಳ ರೆಕ್ಕೆಗೆ ಬಟ್ಟೆ ಹಾಕಿಲ್ಲ, ಒಳಗಿನ ಪಟ್ಟಿಗಳು ಮಕ್ಕಳಿಗೆ ಕಾಣಲೆಂದು. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಎಂದು ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ. ಮುರಿದರೆ ಹಬ್ಬಕ್ಕೆ ಊರಿಗೆ ಬಂದಾಗ ಕೂತು ಸರಿಮಾಡೋಣ, ನಕ್ಷೆಯ ಒಂದು ಪ್ರತಿಯನ್ನೂ ಜೊತೆಗೇ ಇಟ್ಟಿದ್ದೇನೆ.