ಹೈಡ್ರೋಜನ್ ಹಿಂದೆ ಹೋದ ಥಾಮಸ್ ಗ್ರಹಾಂ

ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬರುವ ನನ್ನಂಥವರಿಗೆ ಕಾರ್ಖಾನೆ ಎಂದರೆ ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯೇ. 1923ರಲ್ಲಿ ಅದರ ಊದುಕುಲುಮೆ ಉರಿದದ್ದು ಕಾಡಿನ ಸೌದೆಯ ಇದ್ದಿಲಿನಿಂದ. ಈಗ ಹೊರದೇಶಗಳಲ್ಲಿ ಹೈಡ್ರೋಜನ್ ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವ ಪ್ರಯತ್ನ ನಡೆದಿದೆ. ಆದರೆ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಸೋರಿಕೆಯನ್ನು ಸಂವೇದಕವೇ ಹೇಳಬೇಕು. ಆ ಸಂವೇದಕದ ಬೇರು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಥಾಮಸ್ ಗ್ರಹಾಂ.

ಗ್ರಹಾಂ 1805ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ಮಗ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. ಮಗನ ಮನಸ್ಸೆಲ್ಲ ರಸಾಯನಶಾಸ್ತ್ರದಲ್ಲಿ. ತಂದೆಯ ಮಾತು ಮೀರಿ ಅದನ್ನೇ ಓದಿದರು. (ಡಾಕ್ಟರೋ ಎಂಜಿನಿಯರೋ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರುವ ನಮ್ಮ ತರಗತಿಯವರಿಗೆ ಈ ಜಗಳ ಹೊಸದಲ್ಲ.)

ಗಾಜಿನ ನಳಿಕೆಯ ಬಾಯಿಗೆ ಪ್ಲಾಸ್ಟರಿನ ಬಿರಡೆ ಹಾಕಿ, ಅನಿಲಗಳು ಅದರೊಳಗಿಂದ ಎಷ್ಟು ಬೇಗ ನುಸುಳುತ್ತವೆ ಎಂದು ಅಳೆದರು. ನಾವು ಓದುವ ಗ್ರಹಾಂ ನಿಯಮ ಹುಟ್ಟಿದ್ದು ಹೀಗೆ. ಆಕ್ಸಿಜನ್‌ಗಿಂತ ಹೈಡ್ರೋಜನ್ 4 ಪಟ್ಟು ವೇಗ. 1837ರಲ್ಲಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು, 1855ರಲ್ಲಿ ಟಂಕಸಾಲೆಯ ಮುಖ್ಯಸ್ಥರಾದರು. ನಾಣ್ಯ ಅಚ್ಚು ಹಾಕಿಸುವ ಕೆಲಸದ ನಡುವೆಯೂ ಪ್ರಯೋಗ ಬಿಡಲಿಲ್ಲ. 1861ರಲ್ಲಿ ಕಲಿಲ, ಡಯಾಲಿಸಿಸ್ ಎಂಬ ವಿಚಾರಗಳನ್ನು ಕೊಟ್ಟವರೂ ಇವರೇ.

ನನಗೆ ತುಂಬ ಇಷ್ಟವಾದದ್ದು ಅವರ ಕೊನೆಯ ವರ್ಷಗಳ ಕೆಲಸ. ಪಲ್ಲಾಡಿಯಂ ಲೋಹ ತನ್ನ ಗಾತ್ರದ ಆರುನೂರು ಪಟ್ಟಿಗೂ ಹೆಚ್ಚು ಹೈಡ್ರೋಜನ್ ಹೀರುವುದನ್ನು ಅವರು ಕಂಡರು. ಹೀರಿದ ತಂತಿ ಉದ್ದವಾಗುತ್ತದೆ, ಅದರ ವಿದ್ಯುತ್ ವಾಹಕತೆ ಇಳಿಯುತ್ತದೆ, ಎರಡನ್ನೂ ಅಳೆದಿಟ್ಟರು. ಹೈಡ್ರೋಜನ್ ಒಂದು ಲೋಹದ ಆವಿ ಎಂಬ ಅವರ ಊಹೆ ನಿಲ್ಲಲಿಲ್ಲ. ಅಳತೆಗಳು ನಿಂತವು. 1869ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಇಂದಿನ ಸಂವೇದಕ ಆ ತಂತಿಯ ಮೊಮ್ಮಗು. ತವರದ ಆಕ್ಸೈಡ್ ಅಥವಾ ಸತುವಿನ ಆಕ್ಸೈಡಿನ ಮೇಲೆ ಕೆಲವೇ ನ್ಯಾನೋಮೀಟರ್ ಅಗಲದ ಪಲ್ಲಾಡಿಯಂ ಕಣಗಳನ್ನು ಕೂರಿಸುತ್ತಾರೆ. ಕಣ ಚಿಕ್ಕದಾದಷ್ಟೂ ಹೊರಮೈ ಹೆಚ್ಚು, ಅನಿಲ ಆಳಕ್ಕೆ ಇಳಿಯಬೇಕಿಲ್ಲ. ಬೇಗ ಸೂಚನೆ ಸಿಗುತ್ತದೆ. ಬರೀ ಆಕ್ಸೈಡ್ ಅಡುಗೆ ಅನಿಲಕ್ಕೂ ಸ್ಪಂದಿಸುತ್ತದೆ, ಸ್ಪಿರಿಟ್ ಆವಿಗೂ ಸ್ಪಂದಿಸುತ್ತದೆ. ಪಲ್ಲಾಡಿಯಂ ಸೇರಿದರೆ ಹೈಡ್ರೋಜನ್ ಗುರುತು ಎದ್ದು ಕಾಣುತ್ತದೆ. ಆದರೆ ಕುಲುಮೆಯ ಬಳಿ ಇರುವ ಕಾರ್ಬನ್ ಮಾನಾಕ್ಸೈಡ್ ಪಲ್ಲಾಡಿಯಂ ಮೈಗೆ ಅಂಟಿ ದಾರಿ ಮುಚ್ಚುತ್ತದೆ. ಅದಕ್ಕೇ ಕಣಗಳ ಮೇಲೆ ಹೈಡ್ರೋಜನನ್ನು ಸುಲಭವಾಗಿ ಬಿಟ್ಟು ಉಳಿದ ಅನಿಲಗಳನ್ನು ತಡೆಯುವ ತೆಳು ಪೊರೆ ಹೊದಿಸುತ್ತಾರೆ. ಪೊರೆಯಿಂದ ಅನಿಲ ಬೇರ್ಪಡಿಸುವ ಕೆಲಸವನ್ನೂ ಗ್ರಹಾಂ 1866ರಲ್ಲೇ ತೆಳು ರಬ್ಬರಿನಲ್ಲಿ ಮಾಡಿ ನೋಡಿದ್ದರು.